ಪಡುಕೋಣೆ: ಊರು ಬಿಟ್ಟವರು ಹೊತ್ತು ನಡೆದ ಊರ ಹೆಸರು

ಕುಂದಾಪುರದಿಂದ ಭಟ್ಕಳದತ್ತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟವರು ದಾರಿಯ ಊರ ಫಲಕಗಳನ್ನು ಓದುತ್ತ ಹೋಗಬೇಕು. ಹೆಮ್ಮಾಡಿ, ತ್ರಾಸಿ, ಬಿಜೂರು, ಬೈಂದೂರು, ಶಿರೂರು ಒಂದಾದ ಮೇಲೊಂದು ಬರುತ್ತವೆ. ಭಟ್ಕಳ ದಾಟಿದರೆ ಕಾಯ್ಕಿಣಿ. ಕುಂದಾಪುರದಿಂದ ದಕ್ಷಿಣಕ್ಕೆ ತಿರುಗಿದರೆ ಉಡುಪಿಯ ಹತ್ತಿರ ಕಲ್ಯಾಣಪುರ, ಮೂಲ್ಕಿಯಲ್ಲಿ ಕಾರ್ನಾಡು, ಮಂಗಳೂರಿನಾಚೆ ಉಳ್ಳಾಲ. ಇಲ್ಲಿ ಇವು ಬಸ್ಸು ನಿಲ್ಲುವ ಊರುಗಳು. ಮುಂಬಯಿಗೆ ಹೋದರೆ ಇವೇ ಹೆಸರುಗಳು ಮನುಷ್ಯರ ಹೆಸರಿನ ಕೊನೆಗೆ ಅಂಟಿಕೊಂಡು ಮನೆಬಾಗಿಲ ಫಲಕಗಳಲ್ಲಿ ಕಾಣಸಿಗುತ್ತವೆ.

ಈ ಪಟ್ಟಿಯಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದ ಹೆಸರು ಪಡುಕೋಣೆ. ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದಾಗ ಈ ಹೆಸರು ದೇಶದ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅವರ ಮಗಳು ದೀಪಿಕಾ ಅದನ್ನು ಬೆಳ್ಳಿತೆರೆಯ ಮೂಲಕ ಜಗತ್ತಿಗೆ ಪರಿಚಯಿಸಿದರು. ಹೆಸರು ಇಷ್ಟು ಪರಿಚಿತವಾದರೂ ಅದನ್ನು ಇಟ್ಟುಕೊಂಡವರು ಎಷ್ಟು ಮಂದಿ ಎಂದು ಎಣಿಸಹೊರಟರೆ ಆಶ್ಚರ್ಯವಾಗುತ್ತದೆ. ಕುಲಕರ್ಣಿ, ಪಾಟೀಲ, ದೇಸಾಯಿ ಎಂಬ ಹೆಸರಿನವರು ಊರೂರಿಗೂ ಸಿಗುತ್ತಾರೆ. ಪಡುಕೋಣೆ ಹೆಸರಿನವರು ಹಾಗೆ ಸಿಗುವುದಿಲ್ಲ. ಈ ವಿರಳತೆಯ ಹಿಂದೆ ಕರಾವಳಿಯ ಮೂರು ಶತಮಾನಗಳ ಇತಿಹಾಸವಿದೆ.

ಪಡು ಎಂದರೆ ಪಶ್ಚಿಮ

ಪಡುಕೋಣೆ ಉಡುಪಿ ಜಿಲ್ಲೆಯ ಒಂದು ಹಳ್ಳಿ. ಹಿಂದೆ ಕುಂದಾಪುರ ತಾಲೂಕಿನಲ್ಲಿದ್ದ ಈ ಭಾಗ ಈಗ ಬೈಂದೂರು ತಾಲೂಕಿಗೆ ಸೇರಿದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಈ ನೋಟವನ್ನು ನೋಡಲೆಂದೇ ಪ್ರವಾಸಿಗರು ಅಲ್ಲಿ ವಾಹನ ನಿಲ್ಲಿಸುತ್ತಾರೆ. ಆ ನದಿಯ ಆಚೆ ದಡದಲ್ಲಿರುವುದು ಪಡುಕೋಣೆ, ಅದಕ್ಕೂ ಒಳಗೆ ನಾಡ ಗ್ರಾಮ. ಸ್ಥಳೀಯರು ಎರಡನ್ನೂ ಜೋಡಿಸಿ ನಾಡ-ಪಡುಕೋಣೆ ಎನ್ನುವುದೂ ಉಂಟು.

ಕನ್ನಡಕ್ಕೂ ತುಳುವಿಗೂ 'ಪಡು' ಎಂದರೆ ಪಶ್ಚಿಮ, ಸೂರ್ಯ ಮುಳುಗುವ ದಿಕ್ಕು. ಪಡುವಣ ಎಂಬ ಮಾತು ಎಲ್ಲರಿಗೂ ಗೊತ್ತು. ಸೂರ್ಯ ಮೂಡುವ ದಿಕ್ಕು ಮೂಡು. ಕರಾವಳಿಯ ಊರುಗಳಲ್ಲಿ ಈ ಜೋಡಿ ಮತ್ತೆ ಮತ್ತೆ ಕಾಣುತ್ತದೆ: ಮೂಡುಬಿದಿರೆಗೆ ಪಡುಬಿದ್ರಿ, ಮೂಡುಬೆಳ್ಳೆಗೆ ಪಡುಬೆಳ್ಳೆ. 'ಕೋಣೆ' ಮನೆಯೊಳಗಿನ ಕೋಣೆಯೂ ಹೌದು, ಸಂಸ್ಕೃತದ 'ಕೋಣ'ದ ಮೂಲಕ ಮೂಲೆಯೂ ಹೌದು. ಪದಕ್ಕೆ ಪದ ಇಟ್ಟು ನೋಡಿದರೆ ಪಡುವಣ ದಿಕ್ಕಿನ ಮೂಲೆ.

ಇಲ್ಲೊಂದು ಸ್ವಾರಸ್ಯ ಗಮನಿಸಬೇಕು. ಯಾವ ಊರೂ ತನಗೆ ತಾನೇ ಪಶ್ಚಿಮವಾಗಿರುವುದಿಲ್ಲ. ಪೂರ್ವದಲ್ಲಿ ನಿಂತು ನೋಡುವವರಿಗೆ ಮಾತ್ರ ಅದು ಪಶ್ಚಿಮ. ಅಂದರೆ ಊರಿಗೆ ಈ ಹೆಸರು ಬಂದದ್ದೇ ಹೊರಗಿನಿಂದ ನೋಡಿದವರ ಬಾಯಲ್ಲಿ. ಮುಂದೆ ಅದು ಮನುಷ್ಯರ ಹೆಸರಾದದ್ದೂ ಇದೇ ರೀತಿಯಲ್ಲಿ, ಹೊರಗಿನವರ ಬಾಯಲ್ಲಿ.

ಊರೊಳಗೆ ಬೇಡವಾದ ಹೆಸರು

ಪಡುಕೋಣೆಯಲ್ಲೇ ಇರುವವನನ್ನು ಯಾರಾದರೂ 'ಪಡುಕೋಣೆಯವನು' ಎಂದು ಕರೆಯುತ್ತಾರೆಯೇ? ಅಲ್ಲಿರುವವರೆಲ್ಲ ಪಡುಕೋಣೆಯವರೇ. ಊರೊಳಗೆ ಒಬ್ಬನನ್ನು ಗುರುತಿಸುವುದು ಮನೆಯಿಂದ, ತಂದೆಯ ಹೆಸರಿನಿಂದ, ಮಾಡುವ ಕೆಲಸದಿಂದ. ಅವನು ಹೊಳೆ ದಾಟಿ ಬೇರೆ ಊರಿಗೆ ಹೋಗಿ ನೆಲೆಸಿದಾಗ ಮಾತ್ರ 'ಯಾವ ಊರಿನ ರಾಯರು?' ಎಂಬ ಪ್ರಶ್ನೆ ಏಳುತ್ತದೆ. ಊರ ಹೆಸರು ಮನುಷ್ಯನ ಹೆಸರಾಗುವುದು ಅವನು ಊರು ಬಿಟ್ಟ ಮೇಲೆಯೇ. ಆದ್ದರಿಂದ ಇಂಥ ಉಪನಾಮದ ಹಂಚಿಕೆಯ ನಕಾಶೆ ಬರೆದರೆ ಮೂಲ ಊರಿಗಿಂತ ಹೊರಗಿನ ನಗರಗಳಲ್ಲೇ ಹೆಚ್ಚು ಚುಕ್ಕಿಗಳು ಬೀಳುತ್ತವೆ.

ಪಡುಕೋಣೆ ಎಂದು ಬರೆದುಕೊಳ್ಳುವ ಮನೆತನಗಳು ಚಿತ್ರಾಪುರ ಸಾರಸ್ವತ ಸಮುದಾಯದವು. ಮನೆಮಾತು ಕೊಂಕಣಿ. ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ ಬಲಗೊಂಡಂತೆ, ವಿಶೇಷವಾಗಿ 1560ರಲ್ಲಿ ಅಲ್ಲಿ ಮತೀಯ ವಿಚಾರಣಾ ನ್ಯಾಯಾಲಯ ಶುರುವಾದ ಮೇಲೆ, ಸಾರಸ್ವತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ದಕ್ಷಿಣಕ್ಕೆ ಬಂದು ಕನ್ನಡ ಕರಾವಳಿಯ ಹಳ್ಳಿಹಳ್ಳಿಗಳಲ್ಲಿ ನೆಲೆಸಿದವು. ಲೆಕ್ಕಪತ್ರ ಬಲ್ಲ ಈ ಜನರಿಗೆ ಕೆಳದಿ ಅರಸರ ಆಡಳಿತದಲ್ಲಿ ಕೆಲಸ ಸಿಕ್ಕಿತು. ಇವರಲ್ಲಿ ಒಂದು ಗುಂಪಿನವರು ತಮ್ಮದೇ ಗುರುಪರಂಪರೆಯನ್ನು ಹೊಂದಿದರು. 1708ರಲ್ಲಿ ಆರಂಭವಾದ ಆ ಪರಂಪರೆಯ ಮಠ ಭಟ್ಕಳ ತಾಲೂಕಿನ ಶಿರಾಲಿಯಲ್ಲಿದೆ. ಚಿತ್ರಾಪುರ ಮಠ ಎಂದು ಅದಕ್ಕೆ ಹೆಸರು.

ಉಳಿದ ಗೌಡ ಸಾರಸ್ವತರಲ್ಲಿ ಪೈ, ಶೆಣೈ, ಕಾಮತ್, ಪ್ರಭು, ನಾಯಕ್ ಎಂಬ ಹೆಸರುಗಳು ಹೆಚ್ಚು. ಚಿತ್ರಾಪುರ ಸಾರಸ್ವತರ ವೈಶಿಷ್ಟ್ಯ ಊರ ಹೆಸರುಗಳು. ಮೊದಲಿಗೆ ಇವರಲ್ಲೂ ಹೆಸರಿನ ಮುಂದೆ ರಾವ್, ಅಯ್ಯ, ಅಪ್ಪ ಎಂಬ ಗೌರವಸೂಚಕ ಇದ್ದರೆ ಸಾಕಾಗುತ್ತಿತ್ತು. ಆದರೆ ಒಂದೇ ಕಚೇರಿಯಲ್ಲಿ ನಾಲ್ಕು ಜನ ಮಂಗೇಶರಾಯರು, ಮೂರು ಜನ ಶಂಕರರಾಯರು ಸೇರಿದರೆ ಗತಿಯೇನು? ಆಗ ಕೈಗೆ ಸಿಕ್ಕ ಗುರುತು ಊರು.

ಇಷ್ಟು ಹೇಳಿದರೆ ಹೆಸರು ವಿರಳವಾಗಿರುವುದರ ಕಾರಣವೂ ತಿಳಿಯುತ್ತದೆ. ಕುಲಕರ್ಣಿ, ಪಾಟೀಲ ಎಂಬವು ಹುದ್ದೆಯ ಹೆಸರುಗಳು. ಊರಿಗೊಬ್ಬ ಕುಲಕರ್ಣಿ, ಊರಿಗೊಬ್ಬ ಪಾಟೀಲ ಇದ್ದ ಕಾಲದಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾವಿರಾರು ಮನೆಗಳಲ್ಲಿ ಅದೇ ಹೆಸರು ಬೇರೆ ಬೇರೆಯಾಗಿ ಹುಟ್ಟಿತು. ಪಡುಕೋಣೆ ಹಾಗಲ್ಲ. ಊರು ಒಂದೇ, ಅದರಿಂದ ಹೊರಟ ಕುಟುಂಬಗಳು ಕೆಲವೇ, ಆ ಕುಟುಂಬಗಳಿರುವ ಸಮುದಾಯವೂ ಚಿಕ್ಕದು. ಈ ಹೆಸರು ಹೆಚ್ಚಬೇಕಾದರೆ ಆ ಮನೆಗಳಲ್ಲಿ ಮಕ್ಕಳು ಹುಟ್ಟಬೇಕು, ಬೇರೆ ದಾರಿಯಿಲ್ಲ.

ಮದರಾಸಿನ ರೂಢಿ, ಮುಂಬಯಿಯ ರೂಢಿ

ಊರ ಹೆಸರು ಗುರುತಾಗುವುದು ನಮ್ಮ ನಾಡಿನಲ್ಲಿ ಹೊಸತೇನಲ್ಲ. ಡಿ.ವಿ.ಜಿ. ಎಂಬಲ್ಲಿನ 'ಡಿ' ದೇವನಹಳ್ಳಿ. ಕುವೆಂಪು ಎಂಬಲ್ಲಿನ 'ಕು' ಕುಪ್ಪಳಿ. ಮೈಸೂರು ಸಂಸ್ಥಾನದಲ್ಲಿ, ಮದರಾಸು ಪ್ರಾಂತ್ಯದಲ್ಲಿ ಊರ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು ಬರೆಯುವುದು ರೂಢಿ. ಕಾಲಕ್ರಮದಲ್ಲಿ ಊರು ಒಂದು ಅಕ್ಷರಕ್ಕೆ ಇಳಿದು ಇನಿಷಿಯಲ್ ಆಗಿಬಿಡುತ್ತದೆ. ಮುಂಬಯಿ ಪ್ರಾಂತ್ಯದಲ್ಲಿ ಕ್ರಮ ತಿರುವುಮುರುವು. ಸ್ವಂತ ಹೆಸರು, ತಂದೆಯ ಹೆಸರು, ಕೊನೆಯಲ್ಲಿ ಪೂರ್ತಿಯಾಗಿ ಮನೆತನದ ಹೆಸರು. ಧಾರವಾಡ, ಬೆಳಗಾವಿ ಕಡೆಯವರು ಇಂದಿಗೂ 'ಅಡ್ಡಹೆಸರು' ಎಂದು ಕೇಳುವುದು ಇದನ್ನೇ.

ಕರಾವಳಿ ಈ ಎರಡು ರೂಢಿಗಳ ನಡುವೆ ಸೀಳಿಹೋಯಿತು. 1799ರಲ್ಲಿ ಟಿಪ್ಪುವಿನ ಪತನದ ನಂತರ ಬ್ರಿಟಿಷರ ಕೈಸೇರಿದ ಕೆನರಾ ಮೊದಲು ಮದರಾಸಿಗೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕೊಡಲಾಯಿತು. ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದ ಜತೆಗೆ ಮದರಾಸಿನಲ್ಲೇ ಉಳಿಯಿತು. ಶಿರಾಲಿಯ ಮಠ ಒಂದು ಪ್ರಾಂತ್ಯದಲ್ಲಿ, ಅದರ ಶಿಷ್ಯರ ಪಡುಕೋಣೆ, ಹೆಮ್ಮಾಡಿ, ಬಿಜೂರುಗಳು ಇನ್ನೊಂದು ಪ್ರಾಂತ್ಯದಲ್ಲಿ!

ಇದರ ಪರಿಣಾಮ ಹೆಸರುಗಳ ಮೇಲೆ ಹೇಗಾಯಿತೆಂದು ನೋಡಿ. ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವ ರಾವ್ (1881-1937) ಮದರಾಸು ಪ್ರಾಂತ್ಯದವರು, ಅವರಲ್ಲಿ ಊರು ಮೊದಲು. ಮುಂಬಯಿ ಪ್ರಾಂತ್ಯದ ಮಾಥೆರಾನಿನಲ್ಲಿ 1938ರಲ್ಲಿ ಹುಟ್ಟಿ ಶಿರಸಿ, ಧಾರವಾಡಗಳಲ್ಲಿ ಬೆಳೆದ ನಾಟಕಕಾರ ಗಿರೀಶ ಕಾರ್ನಾಡರಲ್ಲಿ ಅದೇ ಊರು ಕೊನೆಗೆ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ 'ಬಿ' ಎಂದರೆ ಬೆನಗಲ್. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಅವರ ತಮ್ಮ. ಮುಂದಿನ ತಲೆಮಾರಿನ ಚಿತ್ರ ನಿರ್ದೇಶಕ ಶ್ಯಾಮ್ ಬೆನಗಲ್ (1934-2024) ಅವರಲ್ಲಿ ಆ 'ಬಿ' ಮತ್ತೆ ಪೂರ್ತಿ ಊರಾಗಿ ಕೊನೆಗೆ ಬಂದು ಕೂತಿದೆ. ಪಡುಕೋಣೆಯದೂ ಇದೇ ಕಥೆ. ಕನ್ನಡ ಲಲಿತ ಪ್ರಬಂಧದ ಆರಂಭದ ಲೇಖಕರಲ್ಲಿ ಒಬ್ಬರು ಪಡುಕೋಣೆ ರಮಾನಂದ ರಾಯರು, ಆಮೇಲಿನವರು ಪ್ರಕಾಶ್ ಪಡುಕೋಣೆ.

ಮದರಾಸಿನ ರೂಢಿಯೇ ಗೆದ್ದಿದ್ದರೆ ಆಲ್ ಇಂಗ್ಲೆಂಡ್ ಚಾಂಪಿಯನ್ ನಮಗೆ ಪಿ. ಪ್ರಕಾಶ್ ಎಂದಷ್ಟೇ ಗೊತ್ತಿರುತ್ತಿದ್ದರು. ಪಡುಕೋಣೆ ಎಂಬ ಊರಿದೆಯೆಂದು ಕುಂದಾಪುರದ ಆಚೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಂಗಳೂರಿನ ಸದಾಶಿವನಗರಕ್ಕೆ ಕಾರ್ನಾಡ್ ಸದಾಶಿವ ರಾಯರ ಹೆಸರನ್ನೇ ಇಟ್ಟಿದ್ದರೂ ಅಲ್ಲಿ ಕಾರ್ನಾಡು ಉಳಿದಿಲ್ಲ. ಮುಂದೆ ಇದ್ದ ಊರು ಸುಲಭವಾಗಿ ಉದುರುತ್ತದೆ, ಕೊನೆಗೆ ಬಂದದ್ದು ಗಟ್ಟಿಯಾಗಿ ಕೂರುತ್ತದೆ.

ಹಡಗು ಹತ್ತಿದ ಹೆಸರು

ಮುಂಬಯಿಯ ರೂಢಿ ಗೆದ್ದುದಕ್ಕೆ ಕಾರಣ ಸ್ಪಷ್ಟ. ಈ ಸಮುದಾಯದ ದೊಡ್ಡ ಭಾಗ ಮುಂಬಯಿಗೇ ಹೋಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ಕಲಿತ ಕರಾವಳಿಯ ಹುಡುಗರಿಗೆ ಕಾಲೇಜು, ಹೈಕೋರ್ಟು, ಬ್ಯಾಂಕು, ಸರಕಾರಿ ಕಚೇರಿ ಎಲ್ಲ ಇದ್ದದ್ದು ಅಲ್ಲಿ. ಘಟ್ಟ ಹತ್ತಿ ಮೈಸೂರಿಗೆ ಹೋಗುವುದಕ್ಕಿಂತ ಬಂದರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಹೋಗುವುದು ಸಲೀಸು. ಮಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಮುಂಬಯಿ ಕಡೆಗೆ ಕರಾವಳಿಯುದ್ದಕ್ಕೂ ರೈಲು ಓಡಲು ಕೊಂಕಣ ರೈಲ್ವೆ ಪೂರ್ಣಗೊಂಡ 1998ರ ತನಕ ಕಾಯಬೇಕಾಯಿತು.

ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರ್ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಅವರ ಹೆಸರಿನಲ್ಲಿರುವುದು ಕುಮಟಾ ಬಳಿಯ ಚಂದಾವರ. ಅದಕ್ಕೆ ಮರಾಠಿಯ 'ಕರ್' ಸೇರಿಕೊಂಡಿದೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡದ ಹೆಸರುಗಳಲ್ಲಿ ಈ 'ಕರ್' ಆಗಾಗ ಕಾಣುತ್ತದೆ: ಮಿರ್ಜಾನಕರ್, ಕೊಪ್ಪೀಕರ್. ಮದರಾಸಿನಲ್ಲಿ ಉಳಿದ ದಕ್ಷಿಣದ ಊರುಗಳು ಸಾಮಾನ್ಯವಾಗಿ ಬೋಳಾಗಿಯೇ ಬಂದವು. ಯಾರೂ ಪಡುಕೋಣೆಕರ್ ಆಗಲಿಲ್ಲ.

ಹೀಗೆ ಹೋದವರು ಮುಂಬಯಿಯಲ್ಲಿ ತಮ್ಮದೇ ಒಂದು ಕರಾವಳಿಯನ್ನು ಕಟ್ಟಿಕೊಂಡರು. ಶ್ಯಾಮರಾವ್ ವಿಠಲ ಕಾಯ್ಕಿಣಿಯವರ ನೆನಪಿನಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ ಸಹಕಾರಿ ಬ್ಯಾಂಕ್ ಸ್ಥಾಪಿಸಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ದೇಶದ ಸಹಕಾರಿ ವಸತಿ ಚಳವಳಿಯ ಇತಿಹಾಸದಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನವಿದೆ. ತಾಡದೇವದ ತಲ್ಮಕಿವಾಡಿ ತಲ್ಮಕಿಯವರ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಇಷ್ಟು ಚಿಕ್ಕ ಸಮುದಾಯದ ಎರಡು ಶತಮಾನಗಳ ಚರಿತ್ರೆಯನ್ನು ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ 1977ರಲ್ಲಿ ಒಂದು ಇಡೀ ಗ್ರಂಥವಾಗಿ ಬರೆದರು.

ಹೆಸರು ಬೇರೆ, ನೆಂಟಸ್ತಿಕೆ ಬೇರೆ

ಒಂದೇ ಉಪನಾಮ ಕಂಡರೆ 'ನೀವು ಅವರಿಗೆ ಏನಾಗಬೇಕು?' ಎಂದು ಕೇಳುವುದು ನಮ್ಮಲ್ಲಿ ಸಹಜ. ಊರ ಹೆಸರಿನ ವಿಷಯದಲ್ಲಿ ಈ ಪ್ರಶ್ನೆ ದಾರಿ ತಪ್ಪಿಸುತ್ತದೆ. ಒಂದೇ ಊರಿನಿಂದ ಹೊರಟವರೆಲ್ಲ ಒಂದೇ ಮನೆಯವರಾಗಬೇಕಿಲ್ಲ. ಇನ್ನೊಂದೆಡೆ, ಬೇರೆ ಬೇರೆ ಊರಿನ ಹೆಸರು ಹೊತ್ತವರು ಹತ್ತಿರದ ನೆಂಟರಾಗಿರಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ಹಿಂದಿ ಚಿತ್ರರಂಗದ ಗುರುದತ್. ಬಂಗಾಳಿ ಎಂದು ಅನೇಕರು ತಿಳಿದಿದ್ದ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಅವರ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಬಾಲ್ಯ ಕಳೆದದ್ದು ಕಲಕತ್ತೆಯಲ್ಲಿ, ಹೆಸರು ಮಾಡಿದ್ದು ಮುಂಬಯಿಯಲ್ಲಿ. 1964ರಲ್ಲಿ ತೀರಿಕೊಳ್ಳುವವರೆಗೂ ಪರದೆಯ ಮೇಲೆ ಅವರು ಬರೀ ಗುರುದತ್. ಪಡುಕೋಣೆ ಎಲ್ಲೂ ಕಾಣಿಸಲಿಲ್ಲ. ಶ್ಯಾಮ್ ಬೆನಗಲ್ ಅವರ ತಂದೆಯ ತಾಯಿ ಮತ್ತು ಗುರುದತ್ ಅವರ ತಾಯಿಯ ತಾಯಿ ಅಕ್ಕತಂಗಿಯರು. ಒಬ್ಬರು ಬೆನಗಲ್, ಇನ್ನೊಬ್ಬರು ಪಡುಕೋಣೆ, ಆದರೂ ಸಂಬಂಧಿಗಳು. ಗುರುದತ್ ಅವರ ತಂಗಿ, ಚಿತ್ರಕಲಾವಿದೆ ಲಲಿತಾ, ಮದುವೆಯಾಗಿ ಲಾಜ್ಮಿ ಆದರು.

ಗಾಯಕಿ ಸುಮನ್ ಕಲ್ಯಾಣಪುರ ಅವರದು ಇನ್ನೂ ಚೆಂದದ ಉದಾಹರಣೆ. 1937ರಲ್ಲಿ ಢಾಕಾದಲ್ಲಿ ಹುಟ್ಟಿದಾಗ ಅವರು ಸುಮನ್ ಹೆಮ್ಮಾಡಿ. ಮದುವೆಯ ನಂತರ ಕಲ್ಯಾಣಪುರ. ಕರಾವಳಿಯ ಎರಡು ಊರುಗಳು ಢಾಕಾ, ಮುಂಬಯಿಗಳಲ್ಲಿ ಒಬ್ಬರೇ ಹೆಣ್ಣುಮಗಳ ಹೆಸರಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದವು.

ಗುರುದತ್ ಅವರಂತೆ ಹೆಸರನ್ನು ಕತ್ತರಿಸಿಕೊಂಡವರು ಇನ್ನೂ ಇದ್ದಾರೆ. ನಮ್ಮ ಅನಂತನಾಗ್, ಶಂಕರನಾಗ್ ಸೋದರರ ಮನೆತನದ ಹೆಸರು ನಾಗರಕಟ್ಟೆ. ಚಿತ್ರರಂಗಕ್ಕೆ ಬಂದದ್ದು ಅದರ ಮೊದಲ ಎರಡಕ್ಷರ ಮಾತ್ರ.

ದಿಕ್ಕು ತಪ್ಪಿದ ಅಕ್ಷರ

ದೂರ ಹೋದ ಹೆಸರು ಸವೆಯುವುದೂ ಉಂಟು. ಪಡುಕೋಣೆಯನ್ನು ಇಂಗ್ಲಿಷಿನಲ್ಲಿ ಬರೆದಾಗ 'ಡ'ಕಾರ ಯಾವುದು, 'ದ'ಕಾರ ಯಾವುದು ಎಂಬ ವ್ಯತ್ಯಾಸ ಅಳಿಸಿಹೋಗುತ್ತದೆ. ಕೊನೆಯ 'ಣೆ'ಯ ಎಕಾರ ಇಂಗ್ಲಿಷ್ ಓದುವವರಿಗೆ ಮೌನಾಕ್ಷರದಂತೆ ಕಾಣುತ್ತದೆ. ಆ ಇಂಗ್ಲಿಷ್ ಕಾಗುಣಿತದಿಂದ ಹಿಂದಿಗೆ ಹೋದ ಹೆಸರು 'ಪಾದುಕೋಣ್' ಆಯಿತು. ಹಿಂದಿ ಪತ್ರಿಕೆಗಳು ಇಂದಿಗೂ ಹಾಗೆಯೇ ಅಚ್ಚು ಹಾಕುತ್ತವೆ. ಇದು ಬರೀ ಉಚ್ಚಾರದ ತಕರಾರಲ್ಲ. 'ಪಡು' ಎಂಬಲ್ಲಿ ಪಶ್ಚಿಮವಿದೆ, 'ಪಾದು' ಎಂಬಲ್ಲಿ ಯಾವ ದಿಕ್ಕೂ ಇಲ್ಲ. ಒಂದು ಅಕ್ಷರ ಬದಲಾದಾಗ ಹೆಸರಿನೊಳಗಿದ್ದ ವಿಳಾಸವೇ ಅಳಿಸಿತು. ಕನ್ನಡದ ಕೆಲವು ವಾಹಿನಿಗಳ ಬಾಯಲ್ಲೂ ಈ ಹಿಂದಿ ರೂಪ ಕೇಳಿಬರುವುದು ವಿಷಾದದ ಸಂಗತಿ. ಊರು ನಮ್ಮದು, ಪದ ನಮ್ಮದು, ಸರಿಯಾಗಿ ಹೇಳಬೇಕಾದವರೂ ನಾವೇ.

ನೆಲ ಒಬ್ಬರಿಗೆ, ಹೆಸರು ಇನ್ನೊಬ್ಬರಿಗೆ

ಊರು ಬಿಟ್ಟವರಿಗೆ ಬಹುಕಾಲ ಊರಿನೊಂದಿಗೆ ಉಳಿದಿದ್ದ ನಂಟು ಎರಡು: ದೇವರು ಮತ್ತು ಗೇಣಿ. ಜಮೀನನ್ನು ಗೇಣಿಗೆ ಕೊಟ್ಟು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ನೌಕರಿ ಮಾಡುವುದು ಕರಾವಳಿಯ ಅನೇಕ ಭೂಹಿಡುವಳಿದಾರ ಕುಟುಂಬಗಳ ಪದ್ಧತಿಯಾಗಿತ್ತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಈ ಎರಡನೆಯ ನಂಟನ್ನು ಕಡಿಯಿತು. ಉಳುವವನೇ ಹೊಲದೊಡೆಯನಾದ. ತಲೆಮಾರುಗಳಿಂದ ಗದ್ದೆಯಲ್ಲಿ ದುಡಿದವರಿಗೆ ಅದು ನ್ಯಾಯ, ದೂರದಲ್ಲಿದ್ದ ಒಡೆಯರಿಗೆ ಊರಿಗೆ ಬರುವ ಕೊನೆಯ ಕಾರಣವೂ ಹೋಯಿತು. ನೆಲ ಅದನ್ನು ಉತ್ತವರಿಗೆ ಸಿಕ್ಕಿತು, ನೆಲದ ಹೆಸರು ಮಾತ್ರ ಅದನ್ನು ಬಿಟ್ಟು ಹೋದವರ ಬಳಿ ಉಳಿಯಿತು. ಪಡುಕೋಣೆಯಂಥ ಊರುಗಳಲ್ಲಿ ಇಂದು ಬೇಸಾಯ ಮಾಡುವ, ಮೀನು ಹಿಡಿಯುವ, ಅಂಗಡಿ ನಡೆಸುವ ಜನ ಬೇರೆ ಬೇರೆ ಜಾತಿ, ಮತದವರು. ಪಡುಕೋಣೆಯಲ್ಲಿ ಇಗರ್ಜಿಯೂ ಇದೆ. ಅವರಿಗೆ ಊರಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುವ ಅಗತ್ಯ ಬಿದ್ದಿಲ್ಲ, ಏಕೆಂದರೆ ಊರೇ ಅವರ ಜತೆಗಿದೆ.

ಹೊರಗಿರುವ ಹೆಸರಿನ ಭವಿಷ್ಯವೇನು? ಇಡೀ ಚಿತ್ರಾಪುರ ಸಾರಸ್ವತ ಸಮುದಾಯವೇ ಕೆಲವು ಹತ್ತು ಸಾವಿರಗಳನ್ನು ಮೀರದು. ಅದರಲ್ಲಿ ಇಂಥ ಊರ ಹೆಸರುಗಳು ಹತ್ತಾರು. ಒಂದು ಮನೆಯಲ್ಲಿ ಹೆಣ್ಣುಮಕ್ಕಳು ಮಾತ್ರ ಇದ್ದರೆ ಹಳೆಯ ರೂಢಿಯಂತೆ ಆ ಕವಲಿನಲ್ಲಿ ಹೆಸರು ನಿಂತೇಹೋಗುತ್ತಿತ್ತು. ಪ್ರಕಾಶ್ ಪಡುಕೋಣೆಯವರಿಗೂ ಇಬ್ಬರು ಹೆಣ್ಣುಮಕ್ಕಳೇ. ಆದರೆ 1986ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಮದುವೆಯ ನಂತರವೂ ಹೆಸರು ಬದಲಿಸಲಿಲ್ಲ. 2024ರಲ್ಲಿ ಹುಟ್ಟಿದ ಮಗಳಿಗೆ ತಾಯಿಯ ಪಡುಕೋಣೆ, ತಂದೆಯ ಸಿಂಗ್ ಎರಡನ್ನೂ ಇಟ್ಟರು. ತಾಯಿಯಿಂದ ಮಗಳಿಗೆ ಗುರುತು ಸಾಗುವುದು ಕರಾವಳಿಗೆ ಅಪರಿಚಿತವೇನಲ್ಲ. ಅಲ್ಲಿನ ಬಂಟರಲ್ಲಿ, ಬಿಲ್ಲವರಲ್ಲಿ 'ಬಳಿ' ತಾಯಿಯ ಕಡೆಯಿಂದಲೇ ಬರುತ್ತದೆ. ಸಾರಸ್ವತರಲ್ಲಿ ಹಿಂದೆ ಇಲ್ಲದ ಆ ಕ್ರಮ ಈಗ ಹೊಸ ಕಾಲದ ಬಾಗಿಲಿನಿಂದ ಒಳಗೆ ಬಂದಂತಾಗಿದೆ. ವಿರಳ ಹೆಸರುಗಳು ಉಳಿಯಬೇಕಾದರೆ ಬಹುಶಃ ಇದೇ ದಾರಿ.